ಹಿಂದಿನ ಸೀಟಿನಿಂದ

ಶುಕ್ರವಾರ, ಮಾರ್ಚ್ 14
ಡ್ಯೂಟಿ ಮುಗಿದ ಮೇಲೆ, ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜ್ ರೂಮಿನಲ್ಲೇ ಕೂತು

ಪ್ರೀತಿಯ ಕ್ಯಾಪ್ಟನ್,

‘ಪ್ರೀತಿಯ’ ಎಂದು ಟೈಪ್ ಮಾಡಿ ಒಮ್ಮೆ ಅಳಿಸಿದೆ. ಬರೀ ‘ಕ್ಯಾಪ್ಟನ್’ ಎಂದಾಗ, ನಾನು ಒತ್ತಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಈ ಕಂಪ್ಯೂಟರಿನ ಹೆಂಗಸು ಅದನ್ನು ಕೋರ್ಟಿನಲ್ಲಿ ಹೆಸರು ಕೂಗುವ ಹಾಗೆ ಕೂಗಿದಳು. ಅದಕ್ಕೇ ಮತ್ತೆ ಹಾಕಿದ್ದೇನೆ. ಎಂಟು ವರ್ಷದ ಅಭ್ಯಾಸ, ಮೂರು ದಿನದಲ್ಲಿ ಬಿಡು ಅಂದರೆ ಬಿಟ್ಟೀತೇ?

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಗೆ ಬರುವ ಕರೆಗಳನ್ನೆಲ್ಲ ಎತ್ತಿ ಅಲ್ಲಿಗೆ ಇಲ್ಲಿಗೆ ಜೋಡಿಸುವವಳು ನಾನು, ಫೋನಿಗೆ ಹೆದರುವವಳಲ್ಲ. ಆದರೆ ಮಂಗಳವಾರ ಸಂಜೆ ಮಾಡಿದ್ದೆನಲ್ಲ, ಏನಾಯಿತು? ನೀನು ಮಾತಾಡಿದೆ, ನಾನು ಹೂಂಗುಟ್ಟಿದೆ, ಕೊನೆಗೆ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಊಟ ಆಯ್ತಾ ಅಂತ! ಫೋನಿಟ್ಟ ಮೇಲೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನಿಸಿತು. ನಿನ್ನ ದನಿ ಕಿವಿಗೆ ಬಿದ್ದರೆ ನಾನು ಮೆತ್ತಗಾಗಿಬಿಡುತ್ತೇನೆ, ಅದು ನಿನಗೂ ಗೊತ್ತು. ಅದಕ್ಕೇ ಈ ಕಾಗದ. ಪ್ರಿಂಟರಿನಲ್ಲಿ ಇಂಕು ಮುಗಿದು ನಿನ್ನ ಕೈಗೆ ಖಾಲಿ ಹಾಳೆ ಬಂದರೆ ಅದನ್ನು ಕ್ಷಮೆ ಎಂದು ತಿಳಿಯಬೇಡ. ಪ್ರಿಂಟರು ಕೆಟ್ಟಿದೆ ಎಂದಷ್ಟೇ ತಿಳಿ.

ನಾವು ಮೊದಲು ಸಿಕ್ಕಿದ್ದು ನಿನಗೆ ನೆನಪಿದೆಯೋ ಇಲ್ಲವೋ. ನನ್ನ ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ನಿನ್ನ ಶಾಲೆಯ ಹುಡುಗಿಯೊಬ್ಬಳು ಆಟದಲ್ಲಿ ಕೈ ಮುರಿದುಕೊಂಡಳೆಂದು ನೀನು ಇಲ್ಲಿಗೆ ಬಂದಿದ್ದೆ. ಡ್ರಿಲ್ ಟೀಚರಿನ ಗಂಟಲು ತಾನೆ, ಇಡೀ ಕಾರಿಡಾರನ್ನೇ ಸಾಲಾಗಿ ನಿಲ್ಲಿಸುವವಳ ಹಾಗೆ ಕೂಗಾಡುತ್ತಿದ್ದೆ. ಯಾರಮ್ಮಾ ಈ ಲೌಡ್‌ಸ್ಪೀಕರು ಅಂತ ನಾನು ಪಕ್ಕದವಳನ್ನು ಕೇಳಿದ್ದು ನಿನಗೆ ಕೇಳಿಸಿಬಿಟ್ಟಿತು. ಜಗಳಕ್ಕೆ ಬರುತ್ತೀಯ ಎಂದುಕೊಂಡರೆ, ಬಂದು ನನ್ನ ಮೇಜಿನ ಮೇಲೇ ಕೂತೆ. ನಮ್ಮ ಸೈಕಲ್ ಕ್ಲಬ್ಬಿನ ಶೆಡ್ಡಿನಲ್ಲಿ ಎರಡು ಸೀಟಿನ ಸೈಕಲ್ಲೊಂದು ಧೂಳು ತಿನ್ನುತ್ತಾ ಬಿದ್ದಿದೆ, ಹಿಂದೆ ಕೂತು ತುಳಿಯೋಕೆ ಕಣ್ಣು ಬೇಕಾಗಿಲ್ಲ, ಕಾಲು ಬೇಕು, ಕಾಲಿದೆಯಾ ನಿನಗೆ ಅಂತ ಕೇಳಿದೆ. ಕಣ್ಣು ಹೋದ ಮೇಲೆ ನನ್ನ ಹತ್ತಿರ ಏನಾದರೂ ಇದೆಯಾ ಎಂದು ಒಬ್ಬರು ಕೇಳಿದ್ದು ಅದೇ ಮೊದಲು. ನಾನು ಇದೆ ಎಂದೆ.

ಮೊದಲ ಭಾನುವಾರ ನಾನು ಕಿರುಚಿದ ಕಿರುಚಾಟಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರಂತೆ. ವಾಪಸು ಬಂದು ಶೆಡ್ಡಿನ ಕಟ್ಟೆಯ ಮೇಲೆ ಕೂತು ನಾವು ಕರಾರು ಮಾಡಿಕೊಂಡೆವು. ಮುಂದೆ ಕೂತವಳು, ಅಂದರೆ ಕ್ಯಾಪ್ಟನ್, ಕಂಡದ್ದನ್ನೆಲ್ಲ ಹೇಳಬೇಕು, ಹಿಂದೆ ಕೂತವಳು ಇರುವ ಬಲವನ್ನೆಲ್ಲ ಹಾಕಬೇಕು. ಒಬ್ಬಳು ಬಾಯಿ ಕಳ್ಳತನ ಮಾಡಬಾರದು, ಇನ್ನೊಬ್ಬಳು ಕಾಲು ಕಳ್ಳತನ ಮಾಡಬಾರದು. ನೀನೇ ಹಾಗೆಂದದ್ದು, ನಾನಲ್ಲ.

ಎಷ್ಟು ಚೆನ್ನಾಗಿ ಹೇಳುತ್ತಿದ್ದೆಯೇ! ಗುಂಡಿ, ಹಂಪು, ಎಡಕ್ಕೆ ವಾಲು, ಬಸ್ಸು, ನಿಲ್ಲು, ಇವು ಸರಿ, ಯಾರಾದರೂ ಹೇಳುತ್ತಾರೆ. ನೀನು ಬೇಡದ್ದನ್ನೂ ಹೇಳುತ್ತಿದ್ದೆ. ಮೂರನೆಯ ಮಹಡಿಯಲ್ಲಿ ಯಾರೋ ಕೆಂಪು ಸ್ವೆಟರ್ ಒಣಹಾಕಿ ಮರೆತಿದ್ದಾರೆ, ವಾರದಿಂದ ಅಲ್ಲೇ ಇದೆ ಎನ್ನುತ್ತಿದ್ದೆ. ಕ್ಷೌರದಂಗಡಿಯವನು ಗಿರಾಕಿಯಿಲ್ಲದೆ ತನ್ನ ಮೀಸೆಯನ್ನೇ ಕತ್ತರಿಸಿಕೊಳ್ಳುತ್ತಿದ್ದಾನೆ ಎನ್ನುತ್ತಿದ್ದೆ. ಮನೆಗೆ ಹೋಗಿ ಇದನ್ನೆಲ್ಲ ಅತ್ತಿಗೆಗೆ ಹೇಳಿದರೆ, ದಿನಾ ಅದೇ ಬೀದಿಯಲ್ಲಿ ಓಡಾಡುವ ಅವಳು ತಾನಿದನ್ನು ನೋಡೇ ಇಲ್ಲವಲ್ಲ ಎಂದು ಬೆರಗಾಗುತ್ತಿದ್ದಳು. ಅಣ್ಣನಂತೂ ಮನೆಯಲ್ಲಿ ನೆಟ್ಟಗೆ ಕಣ್ಣು ಕಾಣುವುದು ಇವಳೊಬ್ಬಳಿಗೇ ಎಂದು ಗೇಲಿ ಮಾಡುತ್ತಿದ್ದ.

ಇನ್ನು ಆಸ್ಪತ್ರೆ ರಸ್ತೆಯ ವಿಷಯ. ಹೋದ ವರ್ಷ ನಮ್ಮ ಆಸ್ಪತ್ರೆಯ ಲಾಂಡ್ರಿಯ ಆಯಾ ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಬರುವಾಗ ನಿಂತ ಕಾರಿನ ಬಾಗಿಲು ತೆರೆದುಕೊಂಡು, ಅವಳು ಬಸ್ಸಿನ ಕೆಳಗೆ ಬಿದ್ದ ದಿನ ಅವಳ ಗಂಡನ ಫೋನು ಎತ್ತಿದವಳು ನಾನು. ಡ್ಯೂಟಿಗೆ ಬಂದಳಾ ಅಂತ ಕೇಳಿದ. ನೋಡಿ ಹೇಳುತ್ತೇನೆ ಎಂದೆ. ಅವಳು ಅಷ್ಟರಲ್ಲಿ ಕೆಳಗಿನ ಮಹಡಿಯಲ್ಲಿದ್ದಳು, ಉಸಿರಿರಲಿಲ್ಲ. ಆ ಸಂಜೆ ನಿನ್ನ ಮನೆಗೆ ಬಂದು, ಇನ್ನು ಬರೀ ಮೋಜಿನ ಸವಾರಿ ಸಾಕು, ಈ ರಸ್ತೆಗೆ ಸೈಕಲ್ ಲೇನ್ ತರಿಸೋಣ ಎಂದು ಹಟ ಹಿಡಿದವಳೂ ನಾನೇ. ಕ್ಲಬ್ಬಿನವರೆಲ್ಲ ಸೇರಿದರು. ಶಾಲೆಯ ಮೈದಾನದಲ್ಲಿ ಬಡಾವಣೆಯವರ ಸೈಕಲ್ಲುಗಳನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟೆವು, ದೊಡ್ಡ ಹೆಂಗಸರಿಗೆ ಬ್ಯಾಲೆನ್ಸ್ ಕಲಿಸಿದೆವು, ಪ್ರತಿ ಭಾನುವಾರ ಗಂಟೆ ಬಾರಿಸುತ್ತಾ ಮೆರವಣಿಗೆ ಹೋದೆವು. ಜನರನ್ನು ಫೋನು ಮಾಡಿ ಎಬ್ಬಿಸುವ ಕೆಲಸ ನನ್ನದು. ನಮ್ಮ ಎರಡು ಸೀಟಿನ ಸೈಕಲ್ಲು ಯಾವಾಗಲೂ ಎಲ್ಲರಿಗಿಂತ ಮುಂದೆ. ಯಾಕೆ ಮುಂದೆ ಅಂತ ನಾನು ಕೇಳಲಿಲ್ಲ. ನೀನು ಕ್ಯಾಪ್ಟನ್, ಇನ್ನೆಲ್ಲಿರುತ್ತೀಯ ಎಂದುಕೊಂಡೆ.

ಆಗಲೇ ತಾನೆ ಸೈಕಲ್ಲು ಭಾರವಾಗತೊಡಗಿದ್ದು? ಎದುರು ಗಾಳಿ ಬಂದರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ, ಅಡ್ಡಗಾಳಿಗೆ ಹಿಂದಿನ ಚಕ್ರವೇ ಪಕ್ಕಕ್ಕೆ ಜಾರಿದ ಹಾಗೆ. ನನ್ನ ಬೆನ್ನ ಹಿಂದೆ ಏನೋ ಗಡಗಡ ಎನ್ನುತ್ತದೆ, ಏನದು ಎಂದು ಕೇಳಿದೆ. ಟೂಲ್ ಬಾಕ್ಸ್ ಕಣೇ, ಅಭಿಯಾನದ ದಿನ ಯಾರದ್ದಾದರೂ ಪಂಕ್ಚರ್ ಆದರೆ ಬೇಕಲ್ಲ ಎಂದೆ ನೀನು. ಭಾರ ಯಾಕೆ ಎಂದು ಕೇಳಿದೆ. ವಯಸ್ಸಾಯ್ತು ಮುದುಕಿ, ಕಾಲು ಸೋತಿದೆ ಅಂತ ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ನಾನೇನು ಮಾಡಿದೆ ಗೊತ್ತೇ? ನಿನಗೆ ಹೇಳಿರಲಿಲ್ಲ. ಊಟದ ಬಿಡುವಿನಲ್ಲಿ ಲಿಫ್ಟ್ ಬಿಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿಯಲು ಶುರುಮಾಡಿದೆ, ಕೋಲು ಕಂಕುಳಲ್ಲಿಟ್ಟುಕೊಂಡು, ಕಂಬಿ ಹಿಡಿದುಕೊಂಡು. ಕರಾರಿನ ಪ್ರಕಾರ ಬಲವೆಲ್ಲ ಹಾಕಬೇಕು, ನಾನು ಹಾಕುತ್ತಿಲ್ಲವೇನೋ, ನಿನಗೆ ಹೊರೆಯಾಗುತ್ತಿದ್ದೇನೋ ಎಂಬ ಭಯ. ಮೂಳೆ ಡಾಕ್ಟರಿಗೂ ಮೊಣಕಾಲು ತೋರಿಸಿದೆ. ಮೊಣಕಾಲು ಗಟ್ಟಿಮುಟ್ಟಾಗಿದೆ, ಹುಚ್ಚೇನು ನಿಮಗೆ ಎಂದು ಬೈದು ಕಳಿಸಿದರು.

ಮಂಗಳವಾರ ಮಧ್ಯಾಹ್ನ, ಯಾರೋ ರೋಗಿಯ ಕಡೆಯ ಹೆಂಗಸು ವಾರ್ಡಿನ ನಂಬರು ಕೇಳಲು ನನ್ನ ಕಿಟಕಿಗೆ ಬಂದಳು. ನಂಬರು ತೆಗೆದುಕೊಂಡರೂ ಹೋಗಲಿಲ್ಲ. ನೀವೇ ಅಲ್ವಾ ಆ ಬೋರ್ಡಿನವರು ಎಂದಳು. ಯಾವ ಬೋರ್ಡು ಎಂದೆ. ಅಯ್ಯೋ, ನಿಮ್ಮ ಬೆನ್ನ ಹಿಂದೆ ಇರುತ್ತಲ್ಲ, ಅದನ್ನ ಓದಿಯೇ ನಮ್ಮೆಜಮಾನ್ರು ನಾಚಿಕೆಪಟ್ಟು ಅಟ್ಟದಿಂದ ಸೈಕಲ್ ಇಳಿಸಿದ್ದು, ನೀವು ದೊಡ್ಡ ಮನಸ್ಸಿನವರಪ್ಪ, ಬೇರೆಯವರಾಗಿದ್ರೆ ಒಪ್ತಿರಲಿಲ್ಲ ಎಂದು ನನ್ನ ಕೈ ಹಿಡಿದು ಅದುಮಿದಳು. ಬೋರ್ಡಿನಲ್ಲಿ ಏನಿದೆ ಎಂದು ಅವಳನ್ನು ಕೇಳುವುದಾದರೂ ಹೇಗೆ? ಹಲ್ಲು ಕಿರಿದು ಥ್ಯಾಂಕ್ಸ್ ಎಂದೆ. ಮುಂದಿನ ಕರೆಯನ್ನು ಹೆರಿಗೆ ವಾರ್ಡಿನ ಬದಲು ಹಣಕಾಸು ವಿಭಾಗಕ್ಕೆ ಹಾಕಿ ಬೈಸಿಕೊಂಡೆ.

ಮನೆಗೆ ಬಂದು ಅತ್ತಿಗೆಯನ್ನು ಕೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿಬಿಟ್ಟಳು. ನಿಂಗೆ ಗೊತ್ತಿಲ್ವಾ ಎಂದಳು. ಗೊತ್ತಿಲ್ಲ ಎಂದೆ. ಹೇಳಿದಳು.

‘ಕಣ್ಣು ಕಾಣದವಳೇ ತುಳಿಯುತ್ತಾಳೆ. ನಿಮಗೇನಾಗಿದೆ?’

ಅತ್ತಿಗೆಯ ಮೇಲೆ ಅರ್ಧ ಗಂಟೆ ಹರಿಹಾಯ್ದೆ. ಪಾಪ, ಅವಳದೇನು ತಪ್ಪು? ನೀನು ಅವಳಿಗೆ ಹೇಳಿದ್ದೆಯಂತಲ್ಲ: ಅವಳಿಗೆಲ್ಲ ಗೊತ್ತು, ಅವಳೇ ಒಪ್ಪಿದಾಳೆ, ಆದ್ರೆ ಅದರ ಬಗ್ಗೆ ಮಾತಾಡೋದು ಅವಳಿಗೆ ಇಷ್ಟ ಆಗಲ್ಲ, ಎತ್ತಬೇಡಿ ಅಂತ. ಒಂದು ವರ್ಷ ಆ ಹೆಂಗಸು ನನ್ನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ್ದಾಳೆ. ಇಷ್ಟು ದೊಡ್ಡ ವಿಷಯ ನಾನು ಅವಳ ಹತ್ತಿರ ಹೇಳಿಕೊಳ್ಳಲಿಲ್ಲವಲ್ಲ ಎಂದು ಒಳಗೊಳಗೇ ನೊಂದುಕೊಂಡಿದ್ದಾಳೆ. ಕ್ಲಬ್ಬಿನವರಿಗೂ ಅದನ್ನೇ ಹೇಳಿದ್ದೀಯ.

ಮರುದಿನ ಬಸ್ಸು ಹತ್ತಿ ಒಬ್ಬಳೇ ಶೆಡ್ಡಿಗೆ ಹೋದೆ. ಕ್ಲಬ್ಬಿನ ರಿಪೇರಿಯೆಲ್ಲ ನೋಡಿಕೊಳ್ಳುವ ನಮ್ಮ ಪಂಕ್ಚರ್ ಮಾಮ ಟ್ಯೂಬಿಗೆ ತೇಪೆ ಹಾಕುತ್ತಿದ್ದರು, ಸೊಲ್ಯೂಷನ್ನಿನ ವಾಸನೆ ಬರುತ್ತಿತ್ತು. ಬೋರ್ಡು ಕೊಡಿ ಎಂದೆ. ಎಂದಿನ ಹಾಗೆ ನಗುತ್ತಾ ತಂದು ಕೈಗೆ ಕೊಟ್ಟರು. ತಗಡು. ಎರಡೂ ಕೈ ಚೆನ್ನಾಗಿ ಅಗಲಿಸಿದ ಮೇಲೇ ಅಂಚು ಸಿಕ್ಕಿತು. ಇಷ್ಟು ದೊಡ್ಡ ತಗಡನ್ನು ಗಾಳಿಗೆ ಎದುರಾಗಿ ನಾನು ಒಂದು ವರ್ಷ ಎಳೆದಿದ್ದೇನೆ, ಕಾಲು ಸೋತಿದೆ ಎಂದುಕೊಂಡು. ಯಾವಾಗ ಸಿಕ್ಕಿಸುತ್ತಿದ್ದಿರಿ ಎಂದು ಮಾಮನನ್ನು ಕೇಳಿದೆ. ಚಕ್ರದ ಗಾಳಿ ನೋಡ್ತೀನಿ ಅಂತ ಬಗ್ಗೋವಾಗ ಅಮ್ಮ, ನೀವು ಹತ್ತಿ ಕೂತ ಮೇಲೆ; ಇಳಿಯೋ ಮುಂಚೆ ಬಿಚ್ಚಿಬಿಡೋದು, ನಿಮಗೆ ಗೊತ್ತು ಆದ್ರೆ ಸಂಕೋಚ, ಸದ್ದಾಗಬಾರದು ಅಂತ ಕ್ಯಾಪ್ಟನ್ ಮೇಡಂ ಹೇಳಿದ್ರು ಎಂದರು. ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತರು, ಅವರನ್ನು ನಾನೇ ಸಮಾಧಾನ ಮಾಡಬೇಕಾಯಿತು.

ಕಣ್ಣಿಗೆ ಮಣ್ಣೆರಚಿದೆ ಎಂದು ನಿನ್ನನ್ನು ಬೈಯೋಣವೆಂದರೆ, ಅದಕ್ಕೂ ನನಗೆ ಕಣ್ಣಿಲ್ಲ. ಸಂತೆಯ ಬೊಂಬೆ ಮಾಡಿದೆ ನನ್ನನ್ನು. ರಸ್ತೆಯ ಎರಡೂ ಬದಿಯಿಂದ ಶಭಾಷ್ ಅಮ್ಮಾ ಎಂದು ಕೂಗುತ್ತಿದ್ದರಲ್ಲ, ಊರು ಸೈಕಲ್ಲಿನವರನ್ನು ಪ್ರೀತಿಸಲು ಕಲಿತಿದೆ ಎಂದುಕೊಂಡು ಕೈಯೆತ್ತಿ ಬೀಸುತ್ತಿದ್ದೆ ನಾನು. ಈಗ ನೆನೆಸಿಕೊಂಡರೆ ಆ ಕೈಯನ್ನು ಎಲ್ಲಿ ಬಚ್ಚಿಡಲಿ ಅನಿಸುತ್ತದೆ. ನಗರಸಭೆಯ ಸಭೆಯಲ್ಲಿ ಲಾಂಡ್ರಿಯವಳ ಗಂಡನ ಫೋನಿನ ಬಗ್ಗೆ ನಾನು ಮಾತಾಡಿದೆನಲ್ಲ, ಲೇನ್ ಮಂಜೂರಾದಾಗ ಅದು ನನ್ನ ಮಾತಿನ ಗೆಲುವು ಎಂದು ಹಿಗ್ಗಿದ್ದೆ. ಮಂಗಳವಾರ ಫೋನಿನಲ್ಲಿ ಅದನ್ನೂ ಕಿತ್ತುಕೊಂಡೆ ನೀನು. ನಿನ್ನ ಭಾಷಣಕ್ಕೆ ಮುಂಚೆನೇ ಬೋರ್ಡಿನ ಫೋಟೋ ನೋಡಿ ಒಪ್ಪಿಬಿಟ್ಟಿದ್ರು ಕಣೇ, ಬೋರ್ಡಿಲ್ಲದಿದ್ರೆ ಲೇನ್ ಬರ್ತಾನೇ ಇರಲಿಲ್ಲ, ನಿನಗೂ ಲೇನ್ ಬೇಕಿತ್ತು ತಾನೆ ಎಂದೆ. ನಿನಗೆ ನೋವಾಗಬಾರದು ಅಂತಾನೇ ಹೇಳಲಿಲ್ಲ ಎಂದೆ. ನೋವಾಗುತ್ತದೆ ಎಂದು ಗೊತ್ತಿತ್ತು, ಆದರೂ ಸಿಕ್ಕಿಸಿದೆ. ಸದ್ದಾಗದ ಹಾಗೆ ಸಿಕ್ಕಿಸಿದೆ. ಇದಕ್ಕೆ ನೋವಾಗಬಾರದು ಅಂತ ಹೆಸರಿಡಬೇಡ.

ಲೇನ್ ಚೆನ್ನಾಗಿದೆ. ಅದನ್ನೂ ಹೇಳಿಬಿಡುತ್ತೇನೆ, ನಾನು ಬಾಯಿ ಕಳ್ಳತನ ಮಾಡುವವಳಲ್ಲ. ನಿನ್ನೆ ಕೋಲು ಹಿಡಿದು ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೂ ಅದರ ಅಂಚಿನ ಕಲ್ಲನ್ನು ತಟ್ಟುತ್ತಾ ನಡೆದೆ. ಒಂದು ಕಾರೂ ಒಳಗೆ ನಿಂತಿರಲಿಲ್ಲ. ಪಾಳಿ ಮುಗಿಸಿದ ಇಬ್ಬರು ನರ್ಸುಗಳು ಜೋರಾಗಿ ಹರಟುತ್ತಾ, ಅಕ್ಕಪಕ್ಕದಲ್ಲೇ ಸೈಕಲ್ ತುಳಿಯುತ್ತಾ ಹೋದರು. ಮೊದಲು ಆ ರಸ್ತೆಯಲ್ಲಿ ಹರಟಲು ಯಾರಿಗೆ ಧೈರ್ಯವಿತ್ತು? ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಆದರೆ ಕೇಳು, ನನ್ನನ್ನು ನಿಜವಾಗಿ ತಿನ್ನುತ್ತಿರುವುದು ಬೋರ್ಡಲ್ಲ. ಬುಧವಾರದಿಂದ ಒಂದೇ ಯೋಚನೆ. ಟೂಲ್ ಬಾಕ್ಸ್ ಎಂದು ನೀನು ಅಷ್ಟು ಸಲೀಸಾಗಿ ಹೇಳಿದೆಯಲ್ಲ, ದನಿ ಚೂರೂ ನಡುಗದೆ. ನಿನ್ನ ದನಿಯಲ್ಲಿ ಸುಳ್ಳು ಇದ್ದರೆ ನನಗೆ ಗೊತ್ತಾಗುತ್ತದೆ ಎಂಬ ಗರ್ವ ನನಗಿತ್ತು. ದಿನವಿಡೀ ದನಿಗಳ ಜೊತೆಗೇ ತಾನೆ ನನ್ನ ಸಂಸಾರ. ಗೊತ್ತಾಗಲಿಲ್ಲ. ಹಾಗಾದರೆ ಎಂಟು ವರ್ಷ ನೀನು ಹೇಳಿದ್ದರಲ್ಲಿ ಇನ್ನೇನೇನು ಇರಲಿಲ್ಲ? ಆ ಕೆಂಪು ಸ್ವೆಟರ್ ಇತ್ತೇನೇ? ಕ್ಷೌರದಂಗಡಿಯವನು ನಿಜವಾಗಿ ಮೀಸೆ ಕತ್ತರಿಸಿಕೊಳ್ಳುತ್ತಿದ್ದನೇ, ಅಥವಾ ಕುರುಡಿಗೊಂದು ತಮಾಷೆ ಇರಲಿ ಎಂದು ಹೇಳಿದೆಯೋ? ನಿನ್ನ ಕಣ್ಣಿನಲ್ಲಿ ನಾನೊಂದು ಇಡೀ ಊರು ಕಟ್ಟಿಕೊಂಡಿದ್ದೆ. ಈಗ ಯಾವ ಬೀದಿಗೆ ಹೋದರೂ, ಇದು ಇದೆಯೋ ಇಲ್ಲವೋ ಎಂದು ನಿಲ್ಲುವಂತಾಗಿದೆ. ಅತ್ತಿಗೆಯನ್ನು ಕೇಳಬಹುದು. ಕೇಳಲು ಹೆದರಿಕೆ.

ಭಾನುವಾರ ಲೇನ್ ಉದ್ಘಾಟನೆ. ನಾವಿಬ್ಬರೂ ಮೊದಲು ಸವಾರಿ ಮಾಡಬೇಕೆಂದು ನಗರಸಭೆಯವರು ಹೇಳಿದ್ದಾರೆ, ಹೊಸ ಟೀ ಶರ್ಟು ಹೊಲಿಸಿದ್ದೇನೆ ಎಂದು ನೀನು ಹೇಳಿದೆ. ಇದೊಂದು ಸಲ ಬಾ, ಆಮೇಲೆ ಎಷ್ಟು ಬೇಕಾದರೂ ಬೈಯಿ ಎಂದೆ. ಬರುವುದಿಲ್ಲ ಎಂದು ಕೂತುಬಿಡಲೇ ಎಂದು ಯೋಚಿಸಿದೆ. ನೀನಿಲ್ಲದಿದ್ದರೆ ನನಗೆ ಸೈಕಲ್ಲೇ ಇಲ್ಲ, ಅದನ್ನು ಬಲ್ಲೆ. ನಿನಗೂ ಗೊತ್ತಿದ್ದೇ ಅಷ್ಟು ಧೈರ್ಯ ಬಂದದ್ದು. ಆದರೆ ಆ ರಸ್ತೆಗಾಗಿ ಮೊದಲು ಹಟ ಹಿಡಿದವಳು ನಾನು. ನಾನ್ಯಾಕೆ ಮನೆಯಲ್ಲಿ ಕೂರಲಿ?

ಬರುತ್ತೇನೆ. ನಿನ್ನ ಹಿಂದೆ ಅಲ್ಲ. ನಮ್ಮ ಆಂಬುಲೆನ್ಸ್ ಡ್ರೈವರನ್ನು ಕೇಳಿದೆ, ಅವನು ಹೂಂ ಎಂದ. ಮಾಮ ಸೈಕಲ್ಲನ್ನು ಇಲ್ಲಿಗೆ ತಂದುಕೊಟ್ಟಿದ್ದಾರೆ. ಅವರ ಮೇಲೆ ರೇಗಿದರೆ ನನ್ನಾಣೆ. ನಿನ್ನೆ, ಇವತ್ತು, ಶವಾಗಾರದ ಹಿಂದಿನ ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿದೆವು. ಅಲ್ಲಿ ಬಿದ್ದರೆ ಆಡಿಕೊಳ್ಳುವವರು ಯಾರೂ ಇಲ್ಲ ಎಂದು ಅವನೇ ಆರಿಸಿದ ಜಾಗ. ಮೊದಲ ತಿರುವಿನಲ್ಲೇ ಬಿದ್ದೆವು, ನನ್ನ ಮೊಣಕೈ ತರಚಿದೆ. ಅವನಿಗೆ ಎದುರು ಬಂದವರು ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ ಎಂಬ ಭ್ರಮೆ, ಸೈರನ್ನು ಬಾಯಲ್ಲೇ ಹಾಕುತ್ತಾನೆ. ಗುಂಡಿ ಎಂದರೆ ಗುಂಡಿ, ಗೋಡೆ ಎಂದರೆ ಗೋಡೆ. ಗೋಡೆಯ ಮೇಲೆ ಏನಿದೆ ಎಂದು ಕೇಳಿದೆ, ಏನಿರುತ್ತೆ ಮೇಡಂ ಗೋಡೆ ಮೇಲೆ ಎಂದ. ಆದರೆ ಸೈಕಲ್ಲು ಎಷ್ಟು ಹಗುರವಾಗಿತ್ತು ಗೊತ್ತೇ! ನನ್ನ ಕಾಲಿಗೆ ಏನೂ ಆಗಿರಲಿಲ್ಲ. ತುಳಿಯುತ್ತಾ ತುಳಿಯುತ್ತಾ ಅಳು ಬಂದುಬಿಟ್ಟಿತು. ಅವನು ಗಾಬರಿಯಾಗಿ ಬ್ರೇಕ್ ಹಾಕಿ ಎಲ್ಲಿ ಪೆಟ್ಟಾಯ್ತು ಅಂತ ಕೇಳಿದ. ಮೊಣಕೈ ಎಂದೆ.

ಭಾನುವಾರ ನೀನು ನಿನ್ನ ಒಂಟಿ ಸೀಟಿನ ಸೈಕಲ್ ತಾ. ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಅವಳಿಗೆ ಅದರ ಬಗ್ಗೆ ಮಾತಾಡೋದು ಇಷ್ಟ ಆಗಲ್ಲ ಎಂದು ಹೇಳು, ನಿನಗದು ಅಭ್ಯಾಸವಿದೆ. ಶನಿವಾರಗಳಲ್ಲಿ ಚಹಾಕ್ಕೆ ಬರುತ್ತಿದ್ದೆಯಲ್ಲ, ಸದ್ಯಕ್ಕೆ ಬರಬೇಡ. ಬಾ ಎಂದು ನಾನೇ ಹೇಳುವವರೆಗೆ ಬರಬೇಡ. ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ನಿನ್ನ ಕೆಮ್ಮಿಗೆ ಡಾಕ್ಟರು ಬರೆದ ಔಷಧಿ ಪೂರ್ತಿ ಮುಗಿಸು, ಅರ್ಧಕ್ಕೆ ಬಿಡಬೇಡ. ಅದು ಬೇರೆ, ಇದು ಬೇರೆ.

ಇಷ್ಟು ದಿನ ನಿನ್ನ ಮಾತಿನ ಮೇಲೆ ಕಾಲಿಟ್ಟು ತುಳಿದವಳು,

(ಸಹಿ ನಾನೇ ಹಾಕಿದ್ದೇನೆ. ಸಹಿಯ ಜಾಗ ತೋರಿಸುವ ರಟ್ಟಿನ ಕಿಂಡಿ ಸರಿದು ಸೊಟ್ಟಗಾಗಿರಬಹುದು.)

ನಿನ್ನ ಎಕ್ಸ್‌ಚೇಂಜ್

ಮರೆತ ಮಾತು: ಅತ್ತಿಗೆ ಆ ಸಾಲು ಹೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ಅತ್ತಿದ್ದು ಆಮೇಲೆ. ಸಾಲು ಚೆನ್ನಾಗಿದೆ ಕಣೇ, ಅದನ್ನು ಬರೆದವಳು ನೀನೇ ಎಂದು ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ ಎಂದೆಯಲ್ಲ ಫೋನಿನಲ್ಲಿ? ಇಲ್ಲ ಕಣೇ. ಲಾಂಡ್ರಿಯವಳ ಮೇಲಾಣೆ, ಒಂದೇ ಮಾತಿಗೆ ಒಪ್ಪಿಕೊಳ್ಳುತ್ತಿದ್ದೆ, ತಗಡನ್ನು ನಾನೇ ಹೊತ್ತು ತರುತ್ತಿದ್ದೆ. ಬೋರ್ಡಿಗೆ ಯಾವ ಬಣ್ಣ ಹಚ್ಚಿಸುತ್ತೀಯ ಎಂದು ಮಾತ್ರ ಕೇಳುತ್ತಿದ್ದೆ.